ಫೋಟೊ ಭಟ್ರು ಮತ್ತು ರಾಮಣ್ಣನ ಧಾರೆ

ಮದುವೆ ಚಪ್ಪರದಲ್ಲಿ ಇಬ್ಬರು ಭಟ್ಟರಿದ್ದಾರೆಂದರೆ ಒಬ್ಬರು ಮಂತ್ರ ಹೇಳುವವರು, ಇನ್ನೊಬ್ಬ ನಮ್ಮ ನಾಗಪತಿ ಎಂದು ತಿಳಿಯಬೇಕು. ಅಂಕೋಲೆಯಿಂದ ಕಾರವಾರದವರೆಗೆ ಅವನಿಗೆ ‘ಫೋಟೊ ಭಟ್ರು’ ಎಂದೇ ಹೆಸರು. ಮಂತ್ರದ ಭಟ್ಟರಾದರೂ ಅವಸರವಿದ್ದರೆ ನಾಲ್ಕು ಶ್ಲೋಕ ನುಂಗಿ ಮುಗಿಸಿಯಾರು, ಇವನು ಮಾತ್ರ ಬಿಡುವವನಲ್ಲ. ಬೆಳಕು ಸರಿಯಾಗುವವರೆಗೆ ಮದುಮಗನೇ ಇರಲಿ, ಮದುಮಗನ ಅಜ್ಜನೇ ಇರಲಿ, ಕಾಯಬೇಕು. ಅವನ ಈ ಹಟ ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗ ಉರಿಯುವುದಿಲ್ಲ, ಪಾಪ ಅನಿಸುತ್ತದೆ.

ನಾನು ಹರೀಶ. ಅಂಕೋಲೆ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ನಾಗಪತಿಯೂ ನಾನೂ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಅವನು ತೆಗೆದದ್ದಕ್ಕೆ ನಾನು ಗಾಜು ಕೂರಿಸುತ್ತೇನೆ, ನಾನು ಕೂರಿಸಿದ ಗಾಜಿನಲ್ಲಿ ಅವನು ತಪ್ಪು ಹುಡುಕುತ್ತಾನೆ. ನಮ್ಮ ಸ್ನೇಹ ನಡೆದದ್ದೇ ಹೀಗೆ. ಅವನ ಅಪ್ಪ ಅವನನ್ನು ವೇದ ಕಲಿಯಲು ಕಳಿಸಿದ್ದರು. ಇವನು ಹೋಮದ ಹೊಗೆಯಲ್ಲಿ ಬಿಸಿಲಕೋಲು ಇಳಿಯುವ ಚೆಂದ ನೋಡುತ್ತ ಕೂತು ಮಂತ್ರ ಮರೆಯುತ್ತಿದ್ದನಂತೆ. ಗುರುಗಳೇ ಬೇಸತ್ತು ಮನೆಗೆ ಕಳಿಸಿದರು. ಆಮೇಲೆ ಕಾರವಾರದ ಒಂದು ಸ್ಟುಡಿಯೋದಲ್ಲಿ ಲೈಟು ಹಿಡಿದು, ಕಸ ಗುಡಿಸಿ, ಕೆಲಸ ಕಲಿತು, ಈಗ ಬೊಬ್ರುವಾಡದ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಬೋರ್ಡು ಹಾಕಿಕೊಂಡು ಕೂತಿದ್ದಾನೆ.

ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬೆಳಕಿನ ಮೀಟರು ಇರುತ್ತದೆ. ಅಂಗೈಯಗಲದ ಕಪ್ಪು ಡಬ್ಬಿ, ಅದರ ತಲೆಯ ಮೇಲೆ ಅರ್ಧ ನಿಂಬೆಹಣ್ಣಿನಷ್ಟು ಬಿಳಿ ಉಬ್ಬು. ಅದನ್ನು ಮದುಮಗಳ ಗಲ್ಲದ ಕೆಳಗೆ ಹಿಡಿದು ಗುಂಡಿ ಒತ್ತಿದರೆ ಮುಖದ ಮೇಲೆ ಬೀಳುವ ಬೆಳಕು ಎಷ್ಟೆಂದು ಅಂಕಿ ಬರುತ್ತದೆ. ಆ ಅಂಕಿಗೆ ಸರಿಯಾಗಿ ಕ್ಯಾಮೆರಾ ತಿರುಗಿಸಿಕೊಂಡು ಒಂದೇ ಏಟಿಗೆ ಫೋಟೊ ತೆಗೆಯುತ್ತಾನೆ. ‘ಇದ್ರಾಗೆ ಶುಗರ್ ಗೊತ್ತಾಗ್ತದ್ಯಾ ಭಟ್ರೇ?’ ಎಂದು ಎಷ್ಟೋ ಮುದುಕಿಯರು ಕೈಬೆರಳು ಚಾಚಿದ್ದಾರೆ. ಕೊರೊನಾ ಕಾಲದಲ್ಲಂತೂ ಅವನು ಡಬ್ಬಿ ಎತ್ತಿದರೆ ಜ್ವರ ನೋಡುವವನು ಬಂದ ಎಂದು ಜನ ಹಣೆ ತೋರಿಸುತ್ತಿದ್ದರು. ಈಗಿನ ಹುಡುಗರು ಮೊದಲು ಹತ್ತು ಫೋಟೊ ಸುಮ್ಮನೆ ಹೊಡೆದು, ಕ್ಯಾಮೆರಾದ ಪರದೆಯಲ್ಲಿ ನೋಡಿಕೊಂಡು ಬೆಳಕು ಹೆಚ್ಚುಕಡಿಮೆ ಮಾಡುತ್ತಾರೆ. ಅವರನ್ನು ಕಂಡರೆ ಇವನಿಗೆ ಆಗದು. ‘ಅನ್ನ ಬೆಂದದ್ಯಾ ನೋಡೂಕೆ ಹಂಡೆಯೆಲ್ಲ ಖಾಲಿ ಮಾಡ್ತ್ರನಾ?’ ಎಂದು ಮುಖದ ಮೇಲೆಯೇ ಕೇಳುತ್ತಾನೆ.

ಅವನ ಇನ್ನೊಂದು ಹುಚ್ಚು ಬ್ಯಾಗು. ನಮ್ಮ ಕಡಲ ಗಾಳಿಯಲ್ಲಿ ಉಪ್ಪಿದೆ. ಕಿಟಕಿಯ ಸರಳನ್ನೇ ತಿಂದುಹಾಕುವ ಗಾಳಿಗೆ ಕ್ಯಾಮೆರಾ ಯಾವ ಲೆಕ್ಕ? ಆದ್ದರಿಂದ ಕೈಯಲ್ಲಿಲ್ಲದ ಕ್ಯಾಮೆರಾ ಬ್ಯಾಗಿನಲ್ಲಿರಬೇಕು, ಬ್ಯಾಗಿನ ಜಿಪ್ಪು ಮುಚ್ಚಿರಬೇಕು ಎಂಬುದು ಅವನ ಕಟ್ಟಳೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಬರುತ್ತದೆಂದು ಒಂದು ಮರದ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿ ಅದರಲ್ಲಿ ಎಲ್ಲವನ್ನೂ ಬೆಚ್ಚಗೆ ಇಡುತ್ತಾನೆ. ಅವನ ಹೆಂಡತಿ ವೈಶಾಲಿ ಬಲು ಜಾಣೆ. ತನ್ನ ಹಲಸಿನ ಹಪ್ಪಳದ ಕಟ್ಟನ್ನೂ ಅದೇ ಪೆಟ್ಟಿಗೆಗೆ ಸೇರಿಸಿಬಿಟ್ಟಳು. ಆಷಾಢದಲ್ಲಿ ಅವನ ಕ್ಯಾಮೆರಾ ಹಿಡಿದರೆ ಹಪ್ಪಳದ ವಾಸನೆ.

ಅವನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಎಸಿಗೆ. ತಣ್ಣಗಿನ ಕೋಣೆಯಿಂದ ಕ್ಯಾಮೆರಾ ತಂದು ನಮ್ಮ ಮೇ ತಿಂಗಳ ಬೆವರುವ ಗಾಳಿಗೆ ಹಿಡಿದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಗಾಜು ತಾನಾಗಿ ಬೆಚ್ಚಗಾಗುವವರೆಗೆ ಯಾವ ಪಂಡಿತನೂ ಏನೂ ಮಾಡಲಾರ. ಆದ್ದರಿಂದಲೇ ಕಾರವಾರದ ಎಸಿ ಕಲ್ಯಾಣಮಂಟಪಗಳಲ್ಲಿ ಮದುವೆಯಿದ್ದರೆ ಅವನು ಬ್ಯಾಗನ್ನು ಹೊರಗಿನ ಜಗಲಿಯ ಮೇಲೆ ಇಟ್ಟುಕೊಂಡು ಕಾವಲು ಕೂರುತ್ತಿದ್ದ. ಅವನ ಹಳೆಯ ಓಮ್ನಿಗೆ ಎಸಿ ಇಲ್ಲ, ಇದ್ದಿದ್ದರೂ ಹಾಕುತ್ತಿರಲಿಲ್ಲ.

ಇಷ್ಟು ತಿಳಿದವನಿಗೇ ಹೀಗಾಯಿತಲ್ಲ ಎಂಬುದು ನನ್ನ ಸಂಕಟ.

ಚಿತ್ತಾಕುಲದ ರಾಮಾ ಹರಿಕಂತ್ರ ಎಂದರೆ ಕಾಳಿ ನದಿ ಕಡಲು ಸೇರುವಲ್ಲಿ ದೋಣಿ ಬಿಟ್ಟುಕೊಂಡು ಬದುಕಿದ ಮನುಷ್ಯ. ಹೊಸ ದೋಣಿ ನೀರಿಗಿಳಿಸುವ ಪೂಜೆಗೆ ಒಮ್ಮೆ ನಾಗಪತಿಯನ್ನು ಕರೆದಿದ್ದ, ಅಲ್ಲಿಂದ ಪರಿಚಯ ಬೆಳೆದಿತ್ತು. ಎರಡು ವರ್ಷಗಳಿಂದ ರಾಮಣ್ಣನಿಗೆ ಉಸಿರಿನ ಕಾಯಿಲೆ. ಮೂಗಿಗೆ ಆಕ್ಸಿಜನ್ ನಳಿಗೆ ಬಂತು. ಸೆಕೆಗೆ ಉಸಿರು ಕಟ್ಟುತ್ತದೆಂದು ಡಾಕ್ಟರು ಹೇಳಿದ ಮೇಲೆ ಮಗ ರೋಷನ ಅಪ್ಪನ ಕೋಣೆಗೆ ಎಸಿ ಹಾಕಿಸಿದ. ದೊಡ್ಡಾಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದಾಗ, ಮಗಳು ಚಂದನಾಳ ಮದುವೆಯನ್ನು ಬೇಗ ಮಾಡಿ ಮುಗಿಸುವುದೆಂದು ಮನೆಯವರು ತೀರ್ಮಾನಿಸಿದರು. ಹುಡುಗ ಬೇಲೆಕೇರಿಯವನು. ರಾಮಣ್ಣ ಕಲ್ಯಾಣಮಂಟಪಕ್ಕೆ ಬರಲಾರನೆಂದು ಮನೆಯಂಗಳದಲ್ಲೇ ಚಪ್ಪರ ಎಂದಾಯಿತು.

ಮದುವೆಗೆ ಮೊದಲು ನಾಗಪತಿ ಜಾಗ ನೋಡಲು ಹೋದಾಗ ನಾನೂ ಜತೆಗಿದ್ದೆ. ರಾಮಣ್ಣ ಮಂಚದ ಮೇಲೆ ಒರಗಿ ಕೂತು, ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

‘ಭಟ್ರೇ, ನನ್ ಮದ್ವಿದು ಒಂದೂ ಫೋಟೊ ಇಲ್ಲ. ಮಗ್ಳಿಗೆ ಧಾರೆ ಎರೆಯುದು ಒಂದ್ ಫೋಟೊ ಬೇಕು. ನನ್ ಮುಖ, ಅವ್ಳ ಮುಖ, ಕೈ ಮೇಲೆ ನೀರು ಬೀಳುದು. ಅಷ್ಟೇ ಸಾಕು. ನಾ ಹೋದ್ಮೇಲೆ ಅದನ್ನೇ ಗೋಡೆಗೆ ಹಾಕ್ಲಿ. ಒಬ್ನೇ ಹಾರ ಹಾಕ್ಕಂಡು ಕೂತದ್ದು ಬ್ಯಾಡ.’

‘ಹಂಗೆಲ್ಲ ಎಂತಕೆ ಮಾತಾಡ್ತ್ರಿ ರಾಮಣ್ಣಾ?’ ಎಂದ ನಾಗಪತಿ. ಆಮೇಲೆ ಮಂಚದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ‘ಆ ಫೋಟೊ ನಂದು. ನೀವು ಚಿಂತೆ ಮಾಡ್ಬೇಡಿ’ ಎಂದ. ಅವನು ಹಾಗೆ ಮಾತು ಕೊಟ್ಟದ್ದನ್ನು ನಾನು ಮೊದಲು ಕೇಳಿರಲಿಲ್ಲ. ಆಗಲಿ ನೋಡೋಣ ಎನ್ನುವುದೇ ಅವನ ರೂಢಿ.

ಆ ಒಂದು ಫೋಟೊಕ್ಕಾಗಿ ಅವನು ಮಾಡಿದ ಸಿದ್ಧತೆ ನೋಡಿದರೆ ನಗು ಬರುವಂತಿತ್ತು. ಅಂಗಳಕ್ಕೆ ಹಾಕಿದ್ದು ನೀಲಿ ತಾಡಪಾಲು. ಅದರಡಿ ನಿಂತರೆ ಎಲ್ಲರ ಮುಖವೂ ನೀಲಿಯಾಗುತ್ತದೆ, ಮೊದಲೇ ಕಾಯಿಲೆಯ ರಾಮಣ್ಣ ಹೆಣದಂತೆ ಕಂಡಾನು ಎಂದು ತಾಡಪಾಲಿನ ಕೆಳಗೆ ಬಿಳಿ ಪಂಚೆಗಳನ್ನು ಸಾಲಾಗಿ ಕಟ್ಟಿಸಿದ. ಧಾರೆ ನಡೆಯುವ ಜಾಗಕ್ಕೆ ಕಡಲ ಕಡೆಯಿಂದ ಬೆಳಕು ಬರುವಂತೆ ಒಂದು ಬದಿಯ ತೆಂಗಿನ ತಟ್ಟಿ ತೆಗೆಸಿದ. ತಟ್ಟಿ ತೆಗೆದರೆ ಗಾಳಿ ನುಗ್ಗುತ್ತದೆ. ಗಾಳಿಗೆ, ಬೆಳಕು ಹರಡಲು ಲೈಟಿಗೆ ಸಿಕ್ಕಿಸುವ ಕೊಡೆ ಹಾರುತ್ತದೆ. ರೋಷನನ ಗೆಳೆಯರು ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಚೀಲಕ್ಕೆ ತುಂಬಿ ಲೈಟಿನ ಕಾಲಿಗೆ ಬಿಗಿದರು. ಅದೂ ಸಾಲದೆಂದು, ‘ಹರೀಶಾ, ನೀ ಎರಡೂ ಕೈಯಲ್ಲಿ ಲೈಟಿನ ಕಂಬ ಹಿಡ್ಕಂಡು ನಿಂತ್ಕಾ. ನಿನ್ ಮೈಭಾರಕ್ಕೆ ಒಂದ್ಸಲ ಆದ್ರೂ ಉಪಯೋಗ ಆಗ್ಲಿ’ ಎಂದ. ಲೈಟು ಹಿಡಿಯುವ ಅವನ ಕಾಯಂ ಹುಡುಗನಿಗೆ ಜ್ವರ ಬಂದಿತ್ತು. ಹೀಗೆ ಆ ದಿನ ಅಂಗಡಿ ಮುಚ್ಚಿ ನಾನು ಕಂಬವಾದೆ.

ಇನ್ನೊಂದು ಏರ್ಪಾಡನ್ನೂ ಮಾಡಿದ್ದ. ಈಗಿನ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಮದುಮಕ್ಕಳ ಮುಂದೆ ಬರೀ ಮೊಬೈಲು ಹಿಡಿದ ಕೈಗಳು. ಅವು ಬೆಳಕಿಗೂ ಅಡ್ಡ, ಫೋಟೊಕ್ಕೂ ಅಡ್ಡ. ಆದ್ದರಿಂದ ಧಾರೆ ಮುಗಿಯುವವರೆಗೆ ಯಾರೂ ಮುಂದೆ ನಿಲ್ಲಬಾರದು, ಮೊಬೈಲು ಎತ್ತಬಾರದು ಎಂದು ರೋಷನನಿಂದ ಹೇಳಿಸಿದ. ‘ಅಪ್ಪಂಗೆ ಇದೊಂದು ಫೋಟೊ ಚೊಲೊ ಬರ್ಬೇಕು. ಎಲ್ಲಾರೂ ಇಷ್ಟು ಉಪಕಾರ ಮಾಡಿ’ ಎಂದು ರೋಷನ ಕೈಮುಗಿದ. ಮದುವೆಮನೆಯಲ್ಲಿ ಯಾರು ಯಾರ ಮಾತು ಕೇಳುತ್ತಾರೆ? ಆದರೆ ಆ ದಿನ ಎಲ್ಲರೂ ಕೇಳಿದರು. ರಾಮಣ್ಣನ ಮೇಲಿನ ಪ್ರೀತಿಗೆ ಸಣ್ಣ ಮಕ್ಕಳ ಕೈಯಿಂದಲೂ ಮೊಬೈಲು ಕಸಿದು ಒಳಗಿಟ್ಟರು. ಕೇಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಬೆಳಿಗ್ಗೆ ಹೆಣ್ಣಿನ ಅಲಂಕಾರದ ಫೋಟೊ ತೆಗೆದು ಮುಗಿಸಿ, ನಾಗಪತಿ ತನ್ನ ಎರಡೂ ಕ್ಯಾಮೆರಾಗಳನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದ. ಬ್ಯಾಗು ಜಗಲಿಯ ಮೂಲೆಯಲ್ಲಿತ್ತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ತಿಂಡಿಗೆ ನಮ್ಮನ್ನು ಹಿತ್ತಿಲ ಕಡೆ ಕರೆದರು. ಭಟ್ಟರೆಂದು ಬೇರೆ ಒಲೆ ಹೂಡಿ ಅವಲಕ್ಕಿ ಮಾಡಿದ್ದರು. ಅಷ್ಟು ಮರ್ಯಾದೆಯ ಮನೆ ಅದು. ನಾಗಪತಿ ಎರಡನೇ ಸಲ ಹಾಕಿಸಿಕೊಂಡು ತಿಂದ.

ಆ ಮರ್ಯಾದೆಯೇ ಮುಳುವಾಯಿತು. ರಾಮಣ್ಣನ ಅಕ್ಕ ತಿಮ್ಮಿ ಜಗಲಿ ಗುಡಿಸಲು ಬಂದವಳು ಬ್ಯಾಗು ನೋಡಿದಳು. ಭಟ್ಟರು ಚಿನ್ನದ ಹಾಗೆ ಕಾಯುವ ಬ್ಯಾಗು. ಬಿಸಿಲು ಆ ಮೂಲೆಗೆ ಬರತೊಡಗಿತ್ತು, ಮಕ್ಕಳು ಅದರ ಮೇಲೆ ಹತ್ತುತ್ತಿದ್ದವು. ಮನೆಯಲ್ಲಿ ಮಕ್ಕಳಿಗೆ ಪ್ರವೇಶವಿಲ್ಲದ, ಬಿಸಿಲು ಬಾರದ ಜಾಗ ಒಂದೇ, ತಮ್ಮನ ಕೋಣೆ. ಪಾಪ, ಆ ವಯಸ್ಸಿನಲ್ಲಿ ಅಷ್ಟು ಭಾರದ ಬ್ಯಾಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೋಗಿ, ಎಸಿಯ ಕೆಳಗಿನ ಸ್ಟೂಲಿನ ಮೇಲೆ ಇಟ್ಟು, ಮೇಲೆ ಒಂದು ಟವೆಲು ಹೊದಿಸಿ ಬಂದಳು.

ನಾವು ಕೈತೊಳೆದು ಬರುವಾಗಲೇ ಒಳಗೆ ಗಡಿಬಿಡಿ ಎದ್ದಿತ್ತು. ರಾಮಣ್ಣನಿಗೆ ಉಸಿರಾಟ ಏರುಪೇರಾಗತೊಡಗಿದೆ, ತಡಮಾಡಿದರೆ ಹೊರಗೆ ತರಲಾಗದು ಎಂದು ರೋಷನ ಹೇಳಿದ. ಮಂತ್ರದ ಭಟ್ಟರು ಪಂಚಾಂಗ ನೋಡಿ ಈಗಲೂ ಆದೀತು ಎಂದರು. ಗಂಡಿನ ಕಡೆಯವರು ಒಳ್ಳೆಯವರು, ಕೂಡಲೇ ಮದುಮಗನನ್ನು ಕೂರಿಸಿದರು. ನಾಗಪತಿ ಜೇಬಿನಿಂದ ಮೀಟರು ತೆಗೆದು ಚಂದನಾಳ ಗಲ್ಲದ ಕೆಳಗೊಮ್ಮೆ, ರಾಮಣ್ಣನಿಗಾಗಿ ಇಟ್ಟ ಖಾಲಿ ಕುರ್ಚಿಯ ಮೇಲೊಮ್ಮೆ ಹಿಡಿದ. ಅಂಕಿ ನೋಡಿ ಅವನ ಮುಖ ಅರಳಿತು. ‘ಹರೀಶಾ, ಇಂಥ ಬೆಳಕು ನಂಗೆ ಈ ವರ್ಷ ಸಿಕ್ಕಿರ್ಲಿಲ್ಲ’ ಎಂದ. ನಾನು ಎರಡೂ ಕೈಯಲ್ಲಿ ಕಂಬ ಹಿಡಿದೆ. ಬೇರೆ ಯಾರಾದರೂ ಆಗಿದ್ದರೆ ಬೆಳಗಿನಿಂದ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕಂಡದ್ದನ್ನೆಲ್ಲ ಹೊಡೆಯುತ್ತಿದ್ದರು, ಗಾಜು ಬೆಚ್ಚಗೇ ಇರುತ್ತಿತ್ತು. ಇವನದು ಬೆಳಕು ಅಳೆದ ಮೇಲೆಯೇ ಕ್ಯಾಮೆರಾ ತೆಗೆಯುವ ಶಿಸ್ತು. ಆ ಶಿಸ್ತಿಗೆ ನಾನು ಈಗಲೂ ಬೈಯುತ್ತೇನೆ.

ರಾಮಣ್ಣನನ್ನು ಕುರ್ಚಿಯ ಸಮೇತ ನಾಲ್ಕು ಜನ ಎತ್ತಿ ತಂದರು. ಹಿಂದೆಯೇ ರೋಷನ ಕೋಣೆಯಲ್ಲಿ ಕಂಡ ಬ್ಯಾಗು ತಂದು ನಾಗಪತಿಯ ಕಾಲ ಬುಡದಲ್ಲಿಟ್ಟ. ನಾಗಪತಿ ಜಿಪ್ಪಿಗೆ ಕೈಹಾಕಿದವನು ಹಾಗೇ ನಿಂತ.

‘ಬ್ಯಾಗು ತಣ್ಣಗದೆ’ ಎಂದ. ಯಾರಿಗೂ ಕೇಳದಷ್ಟು ಮೆಲ್ಲಗೆ. ನನಗೆ ಕೇಳಿತು.

‘ಮೂಗಿನ ನಳಿಗೆ ತೆಗೀರಿ. ಫೋಟೊದಾಗೆ ಬ್ಯಾಡ’ ಎಂದ ರಾಮಣ್ಣ. ತೆಗೆದರು. ಹೆಂಡತಿ ನಾಗಿ ಪಕ್ಕದಲ್ಲಿ ನಿಂತು ತಂಬಿಗೆ ಕೈಗಿಟ್ಟಳು. ನಾಗಪತಿ ಕ್ಯಾಮೆರಾ ಹೊರಗೆ ತೆಗೆದ. ನೋಡನೋಡುತ್ತಿದ್ದಂತೆ ಲೆನ್ಸು ಬೆಳ್ಳಗಾಯಿತು. ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಬೆಳ್ಳಗಾಯಿತು. ಇನ್ನೊಂದು ಕ್ಯಾಮೆರಾ ತೆಗೆದ. ಅದೂ ಹಾಗೇ. ಒಂದು ಐದು ನಿಮಿಷ ತಡೀರಿ ಎನ್ನಲು ಅವನು ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ರಾಮಣ್ಣನ ತುಟಿ ಆಗಲೇ ಕಪ್ಪಿಡುತ್ತಿತ್ತು, ಎದೆ ಏರಿ ಇಳಿಯುತ್ತಿತ್ತು. ಜೀವಮಾನವೆಲ್ಲ ಊರಿನ ಮದುಮಕ್ಕಳನ್ನು ಕಾಯಿಸಿದವನಿಗೆ ಆ ಮನುಷ್ಯನನ್ನು ಕಾಯಿಸಲು ಬಾಯಿ ಬರಲಿಲ್ಲ.

ನೀರು ಬಿತ್ತು. ಓಲಗ ಮೊಳಗಿತು. ನಾಗಪತಿ ಮಂಡಿಯೂರಿ, ಒರೆಸುತ್ತ ಒತ್ತುತ್ತ, ಒರೆಸುತ್ತ ಒತ್ತುತ್ತ ಇದ್ದ. ಆಮೇಲೆ ಕ್ಯಾಮೆರಾ ಕೆಳಗಿಳಿಸಿ ಬರಿಗಣ್ಣಿನಿಂದ ನೋಡುತ್ತ ಕೂತುಬಿಟ್ಟ. ಧಾರೆ ಮುಗಿಯಿತು. ರಾಮಣ್ಣನ ಮೂಗಿಗೆ ನಳಿಗೆ ಹಾಕಿ, ಕುರ್ಚಿ ಎತ್ತಿ, ಒಳಗೆ ಕೊಂಡೊಯ್ದರು.

ಮೊಬೈಲು ಇರಲಿಲ್ಲವೇ ಎಂದು ಆಮೇಲೆ ನನ್ನನ್ನು ಕೇಳದವರಿಲ್ಲ. ನಾಗಪತಿಯ ಮೊಬೈಲು ಅದೇ ಬ್ಯಾಗಿನಲ್ಲಿ ತಣ್ಣಗೆ ಮಲಗಿತ್ತು. ನನ್ನದು ಪ್ಯಾಂಟಿನ ಜೇಬಿನಲ್ಲಿತ್ತು, ನನ್ನ ಕೈಗಳು ಕಂಬದ ಮೇಲಿದ್ದವು, ಗಾಳಿ ಕೊಡೆಯನ್ನು ರಾಮಣ್ಣನ ತಲೆಯ ಕಡೆಗೇ ಎಳೆಯುತ್ತಿತ್ತು. ಹಿಂದುಗಡೆಯಿಂದ ಯಾರೋ ಕದ್ದು ತೆಗೆದ ಒಂದು ಫೋಟೊ ಆಮೇಲೆ ಸಿಕ್ಕಿತು. ಅದರಲ್ಲಿ ಕಂಡದ್ದು ನಾಗಪತಿಯ ಬೆನ್ನು.

ಸ್ವಲ್ಪ ಹೊತ್ತಿಗೆ ಗಾಜು ತಾನಾಗಿ ತಿಳಿಯಾಯಿತು. ಮುಂದೆ ಊಟದ್ದು, ಆರತಿಯದ್ದು, ಹೆಣ್ಣು ಕಳಿಸುವಾಗ ಎಲ್ಲರೂ ಅತ್ತದ್ದು, ಎಲ್ಲ ಫೋಟೊಗಳೂ ಬಲು ಚೆನ್ನಾಗಿ ಬಂದವು. ನಡುವೆ ನಾಗಪತಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಾಗಿಯನ್ನು ಕರೆದ. ರಾಮಣ್ಣನ ಎದುರು ಮದುಮಕ್ಕಳನ್ನು ಕೂರಿಸಿ, ತಂಬಿಗೆ ಹಿಡಿಸಿ, ಫೋಟೊಕ್ಕೆ ಮಾತ್ರ ಇನ್ನೊಮ್ಮೆ ಆದೀತೇ ಎಂದು ಕೇಳಿದ. ಯಾಕೆಂದು ಹೇಳಲಿಲ್ಲ.

ನಾಗಿ ಬೆಚ್ಚಿ ಅವನ ಮುಖ ನೋಡಿದಳು. ‘ಕೊಟ್ಟಾಯ್ತಲ್ಲಾ ಭಟ್ರೇ. ಕೊಟ್ಟ ಹೆಣ್ಣನ್ನ ಮತ್ತೊಂದ್ಸಲ ಹೆಂಗೆ ಕೊಡುದು? ಶುಭ ಅಲ್ಲ. ಅವ್ರಿಗೂ ಈಗ ಕೂರೂಕೆ ಆಗುದಿಲ್ಲ.’

ಮರುದಿನ ಬೆಳಿಗ್ಗೆ ನಾನು ಬೊಬ್ರುವಾಡಕ್ಕೆ ಹೋದಾಗ ನಾಗಪತಿ ಕಂಪ್ಯೂಟರಿನ ಮುಂದಿದ್ದ. ಧಾರೆಯ ಫೋಟೊ ಎಂದು ಪರದೆಯ ಮೇಲಿದ್ದದ್ದು ಒಂದು ಬಿಳಿ. ಏನೇನು ಮಾಡಿದರೂ ಆ ಬಿಳಿಯೊಳಗೆ ಹಾಲಿಗೆ ಕುಂಕುಮ ಬಿದ್ದಷ್ಟೇ ಕೆಂಪು ಕಾಣುತ್ತಿತ್ತು. ಅದು ಚಂದನಾಳ ಸೀರೆ. ಅದರ ಎಡಕ್ಕೆ ಸ್ವಲ್ಪ ಕಪ್ಪು. ಅದು ರಾಮಣ್ಣ ಇರಬೇಕು.

‘ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ’ ಎಂದಳು ವೈಶಾಲಿ. ‘ನಿಮ್ಮ ತಪ್ಪೂ ಅಲ್ಲ, ಯಾರ ತಪ್ಪೂ ಅಲ್ಲ.’

ಯಾರ ತಪ್ಪೂ ಅಲ್ಲ ಎಂಬುದೇ ದೊಡ್ಡ ಶಿಕ್ಷೆ. ತಪ್ಪಿದ್ದವರು ಸಿಕ್ಕಿದ್ದರೆ ನಾನೇ ಹೋಗಿ ನಾಲ್ಕು ಬೈದು ಬರುತ್ತಿದ್ದೆ. ತಿಮ್ಮಿಯನ್ನು ಬೈಯಲೇ? ಕೈಮುಗಿದ ರೋಷನನನ್ನು ಬೈಯಲೇ? ನಾಗಪತಿ ಹೇಳಿಬಿಡುವುದೆಂದೇ ಗಟ್ಟಿ ಮಾಡಿದ. ಬರಿಗೈಯಲ್ಲಿ ಹೋಗಿ ಹೇಳಿದರೆ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡಾರು ಎಂದು ಆ ಬಿಳಿಯನ್ನೇ ದೊಡ್ಡದಾಗಿ ಪ್ರಿಂಟು ಹಾಕಿಸಿ ಲಕೋಟೆಯಲ್ಲಿಟ್ಟುಕೊಂಡ. ಮದುಮಕ್ಕಳು ತವರಿಗೆ ತಿರುಗಿ ಬಂದ ದಿನ ನಾವಿಬ್ಬರೂ ಓಮ್ನಿಯಲ್ಲಿ ಚಿತ್ತಾಕುಲಕ್ಕೆ ಹೋದೆವು.

ಕೋಣೆಯಲ್ಲಿ ಮನೆಯವರೆಲ್ಲ ಇದ್ದರು. ರಾಮಣ್ಣ ದಿಂಬಿಗೆ ಒರಗಿ ಕೂತಿದ್ದ, ಲಕೋಟೆ ಕಂಡವನೇ ಕೈ ಚಾಚಿದ. ‘ಬಂತಾ ಭಟ್ರೇ? ಕೊಡಿ ಕೊಡಿ.’

‘ರಾಮಣ್ಣಾ, ಒಂದ್ ಮಾತು ಹೇಳೂದಿತ್ತು…’

‘ಮಾತು ಆಮೇಲೆ ಆಗ್ಲಿ ಮಾರಾಯ್ರೇ.’ ಅವನೇ ಲಕೋಟೆ ಎಳೆದುಕೊಂಡು ಫೋಟೊ ಹೊರಗೆ ತೆಗೆದ.

ಅವನ ಎರಡೂ ಕಣ್ಣಿಗೆ ಸ್ವಲ್ಪ ಕಾಲದಿಂದ ಪೊರೆ ಬರುತ್ತಿತ್ತಂತೆ. ಉಸಿರಿನ ಗಲಾಟೆಯಲ್ಲಿ ಆ ಆಪರೇಶನ್ನು ಹಿಂದೆ ಬಿದ್ದಿತ್ತು. ಅದು ನಮಗೆ ಗೊತ್ತಿರಲಿಲ್ಲ. ರಾಮಣ್ಣ ಫೋಟೊವನ್ನು ಹತ್ತಿರ ಹಿಡಿದ. ದೂರ ಹಿಡಿದ. ಕಿಟಕಿಯ ಬೆಳಕಿಗೆ ತಿರುಗಿಸಿದ. ಟವೆಲಿನಿಂದ ಒಂದು ಕಣ್ಣು ಒರೆಸಿಕೊಂಡ, ಇನ್ನೊಂದು ಕಣ್ಣು ಒರೆಸಿಕೊಂಡ. ಮತ್ತೆ ನೋಡಿದ.

‘ನನ್ ಕಣ್ಣು ಇಷ್ಟು ಹೋಗದ್ಯಾ?’ ಎಂದ. ‘ಬರೀ ಮಂಜು ಮಂಜು ಕಾಣ್ತದೆ. ನಾಗೀ, ನೀ ನೋಡು. ಹೆಂಗೆ ಬಂದದೆ?’

ನಾಗಿ ಫೋಟೊ ನೋಡಿದಳು. ನಾಗಪತಿಯನ್ನು ನೋಡಿದಳು. ನಾಗಪತಿ ತಲೆ ತಗ್ಗಿಸಿ ನಿಂತಿದ್ದ. ಅಂದು ಅಡುಗೆಮನೆ ಬಾಗಿಲಿಗೆ ಅವನು ಯಾಕೆ ಬಂದಿದ್ದ ಎಂಬುದು ಅವಳಿಗೆ ಆಗ ಹೊಳೆದಿರಬೇಕು.

‘ಚೊಲೊ ಬಂದದೆ’ ಎಂದಳು.

ಫೋಟೊ ಚಂದನಾಳ ಕೈಗೆ ಹೋಯಿತು. ಹುಡುಗಿ ಅದನ್ನು ನೋಡಿ ಅಮ್ಮನ ಮುಖ ನೋಡಿದಳು. ಆಮೇಲೆ, ‘ನಿನ್ ಕೈ ಎಷ್ಟ್ ಚೊಲೊ ಬಂದದೆ ಅಪ್ಪಾ’ ಎಂದು ಅವನ ಹೆಗಲಿಗೆ ಮುಖವಿಟ್ಟಳು.

‘ಹೌದಾ? ಭಟ್ರೇ, ನೀವೇ ಹೇಳಿ. ತೆಗ್ದವ್ರು ನೀವು. ಎಲ್ಲಿ ಎಂತದು ಅದೆ? ಬೆರಳು ಇಟ್ಟು ತೋರ್ಸಿ.’

ನಿಜ ಹೇಳಲು ಬಂದ ಮನುಷ್ಯ ಆಗ ಏನು ಮಾಡಬೇಕು? ನಾಗಪತಿ ಮಂಚದ ಬಳಿ ಕೂತು ರಾಮಣ್ಣನ ತೋರುಬೆರಳು ಹಿಡಿದು ಆ ಬಿಳಿಯ ಮೇಲಿಟ್ಟ. ‘ಇಲ್ಲಿ ನೀವು. ಕೈ ನಡುಗ್ತದೆ, ಅದ್ಕೆ ಚಂದನಾ ತನ್ನ ಒಂದ್ ಕೈಯನ್ನ ನಿಮ್ ಕೈ ಕೆಳಗೆ ಕೊಟ್ಟಿದ್ದಾಳೆ. ಮದುಮಗ ಅದನ್ನೇ ನೋಡ್ತಿದ್ದಾನೆ. ನೀರು ಇಲ್ಲಿ ಬೀಳ್ತದೆ. ಒಂದ್ ಹನಿ ಅವ್ಳ ಬಳೆ ಮೇಲೆ ನಿಂತದೆ. ನೀವು ನೀರು ನೋಡ್ಲಿಲ್ಲ ರಾಮಣ್ಣಾ, ಅವ್ಳ ಮುಖ ನೋಡ್ತಿದ್ರಿ. ನಗ್ತಿದ್ರಿ.’

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಕಂಬ ಹಿಡಿದಿದ್ದ ನಾನೂ ಅದೆಲ್ಲವನ್ನೂ ಕಂಡಿದ್ದೆ. ಆ ಕಾಗದದಲ್ಲಿ ಮಾತ್ರ ಏನೂ ಇರಲಿಲ್ಲ.

ರಾಮಣ್ಣ ಬಹಳ ಹೊತ್ತು ಬೆರಳಾಡಿಸಿದ. ‘ಉಸಿರು ತಕಂಡ ದೇವ್ರು, ಈಗ ಕಣ್ಣೂ ತಕಂಡ. ಆಗ್ಲಿ. ಕೊಡುದು ಕೊಟ್ಟಾಗದೆ’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ಹರೀಶಾ, ಇದ್ಕೆ ಚೊಲೊ ಕಟ್ಟು ಹಾಕಿ ಎದುರು ಗೋಡೆಗೆ ತೂಗ್ಸು. ನಂಗೆ ಕಾಣದಿದ್ರೂ ಬಂದವ್ರು ನೋಡ್ಲಿ’ ಎಂದ.

ಹಾಕಿದೆ. ಬಿಳಿ ಕಾಗದಕ್ಕೆ ತೇಗದ ಕಟ್ಟು ಹಾಕಿ, ಗಾಜು ಒರೆಸಿ, ಮೊಳೆ ಹೊಡೆದು ತೂಗಿಸಿ ಬಂದೆ. ನನ್ನ ಅಂಗಡಿಯಲ್ಲಿ ಅಂಥ ಕೆಲಸ ಮತ್ತೊಂದು ಬರದಿರಲಿ. ರಾಮಣ್ಣನನ್ನು ನೋಡಲು ಬರುವವರಿಗೆಲ್ಲ ಅವನು ಗೋಡೆ ತೋರಿಸುತ್ತಿದ್ದ. ಅವರು ಗೋಡೆ ನೋಡಿ, ನಾಗಿಯ ಮುಖ ನೋಡಿ, ‘ಚೊಲೊ ಬಂದದೆ ರಾಮಾ’ ಎನ್ನುತ್ತಿದ್ದರು. ಕೇರಿಗೆ ಕೇರಿಯೇ ಆ ಮಾತನ್ನು ಕಾಪಾಡಿತು.

ಇಲ್ಲಿಗೆ ಮುಗಿದಿದ್ದರೆ ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಳೆ ಹಿಡಿಯುವ ಹೊತ್ತಿಗೆ ರೋಷನ ಅಂಗಡಿಗೆ ಬಂದ. ಫೋಟೊ ಕಾಣದ ದಿನದಿಂದ ಕಣ್ಣು ಹೋಯಿತೆಂದೇ ನಂಬಿ ಅಪ್ಪ ಏನನ್ನೂ ನೋಡುತ್ತಿಲ್ಲ ಎಂದ. ಕೋಣೆಯ ಕಿಟಕಿಯಿಂದ ನದಿ ಕಡಲು ಸೇರುವ ಅಳಿವೆ ಕಾಣುತ್ತದೆ, ಮೊದಲೆಲ್ಲ ರಾಮಣ್ಣ ಹೋಗಿಬರುವ ದೋಣಿಗಳನ್ನು ಬಣ್ಣದ ಮೇಲೆಯೇ ಇದು ಇಂಥವರದು ಎಂದು ಹೇಳುತ್ತಿದ್ದನಂತೆ. ಈಗ ಪರದೆ ಎಳೆಸಿಬಿಟ್ಟಿದ್ದಾನೆ. ಕಣ್ಣು ಹೋದ ಮೇಲೆ ಅದೆಲ್ಲ ಎಂತಕೆ ಎನ್ನುತ್ತಾನೆ. ಅನ್ನವನ್ನೂ ಹೆಂಡತಿಯೇ ತಿನ್ನಿಸಬೇಕು. ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದರೆ ಬೇಡ, ಸಾಯುವವನಿಗೆ ಯಾವ ಕಣ್ಣು ಎನ್ನುತ್ತಾನೆ. ಪೊರೆ ಇತ್ತು ನಿಜ, ಆದರೆ ಇಷ್ಟರ ಮಟ್ಟಿಗೆ ಇರಲಿಲ್ಲ ಎಂದು ಹೇಳಿ ರೋಷನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತ.

ನಾಗಪತಿಗೆ ಹೇಳಿದೆ. ಅವನು ಅಂಗಿ ಹಾಕಿಕೊಂಡು ಹೊರಟೇಬಿಟ್ಟ. ಈ ಸಲ ಹೇಳಿಯೇ ತೀರುತ್ತೇನೆ ಎಂದ. ಚಿತ್ತಾಕುಲದ ಮನೆಯ ಅಂಗಳದಲ್ಲೇ ಚಂದನಾ ಎದುರಾದಳು. ಅಪ್ಪನಿಗೆ ಸರಿಯಿಲ್ಲವೆಂದು ಬಂದು ಉಳಿದಿದ್ದಳು. ನಾಗಪತಿಯ ಮುಖ ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು.

‘ಭಟ್ರೇ, ಈಗ ಹೇಳಿದ್ರೆ ಆ ಫೋಟೊನೂ ಹೋತು. ನಾವೆಲ್ಲಾ ಸೇರಿ ಸುಳ್ಳು ಹೇಳಿದ್ದೂ ಗೊತ್ತಾತು. ಅಪ್ಪಂಗೆ ಉಳಿಯುದು ಎಂತ?’ ಎಂದಳು.

‘ಹೇಳದಿದ್ರೆ ಕಣ್ಣೇ ಹೋತಲ್ಲ ಮಗಾ’ ಎಂದ ನಾಗಪತಿ.

‘ಗೊತ್ತದೆ’ ಎಂದಳು ಹುಡುಗಿ. ದಾರಿ ಬಿಟ್ಟು ನಮ್ಮ ಹಿಂದೆಯೇ ಬಂದಳು.

ಒಳಗೆ ಹೋದೆವು. ಎಸಿ ಗುಂಯ್ ಎನ್ನುತ್ತಿತ್ತು. ರಾಮಣ್ಣ ತೀರಾ ಇಳಿದುಹೋಗಿದ್ದ. ಹೆಜ್ಜೆಯ ಸದ್ದಿಗೆ ಮುಖವನ್ನು ಇತ್ತ ತಿರುಗಿಸಿದ, ಆದರೆ ಕಣ್ಣು ತೆರೆಯಲಿಲ್ಲ.

‘ಯಾರು?’

‘ಫೋಟೊ ಭಟ್ರು’ ಎಂದಳು ನಾಗಿ.

ರಾಮಣ್ಣನ ಮುಖದಲ್ಲಿ ನಗು ಮೂಡಿತು. ಅವನು ಕೈಯಿಂದ ಮಂಚದ ತುದಿಯನ್ನು ತಟ್ಟಿದ. ‘ಬನ್ನಿ ಭಟ್ರೇ, ಕೂತ್ಕಳಿ. ಆ ಫೋಟೊ ಮತ್ತೊಂದ್ಸಲ ಹೇಳಿ. ಇವ್ರು ಯಾರಿಗೂ ನಿಮ್ಮಂಗೆ ಹೇಳೂಕೆ ಬರುದಿಲ್ಲ.’

ನಾಗಪತಿ ನನ್ನ ಮುಖ ನೋಡಿದ. ಪರದೆ ಸರಿಸಿ ಕಣ್ಣು ತೆರೆಯಿಸಿದ್ದರೆ ಸಾಕು, ಎದುರು ನಿಂತವನ ಮುಖ ಅಷ್ಟೋ ಇಷ್ಟೋ ರಾಮಣ್ಣನಿಗೆ ಕಾಣುತ್ತಿತ್ತು. ನಾಗಿ ಸರಿಸಲಿಲ್ಲ, ಚಂದನಾ ಸರಿಸಲಿಲ್ಲ, ನಾನೂ ಸರಿಸಲಿಲ್ಲ. ನಾಗಪತಿ ಮಂಚದ ತುದಿಯಲ್ಲಿ ಕೂತು ಆ ಒಣಗಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

‘ಎಡಗಡೆ ನೀವು ಕೂತಿದ್ರಿ ರಾಮಣ್ಣಾ’ ಎಂದು ಶುರುಮಾಡಿದ.